ಬಲಗಡೆಯ ಹಿಂದಿನ ಚಕ್ರಕ್ಕೆ ಮಡ್ ಫ್ಲಾಪ್ ಹಾಕಿಕೊಡುವ ಬಗ್ಗೆ

ಇಂದ,
ಅರ್ಜಿದಾರಳು,
ಮನೆ ಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವ ಲ್ಯಾಬಿನ ನೌಕರಳು
ಹಾಗೂ ತಮ್ಮ ಕೈಹಿಡಿದ ಹೆಂಡತಿ.

ಗೆ,
ಮಾನ್ಯ ಅಧ್ಯಕ್ಷರು,
ಮಡ್ ಫ್ಲಾಪ್ ಅಳವಡಿಕೆ ಸಮಿತಿ (ಸದ್ಯ ಕೆಲಸ ನಿಲ್ಲಿಸಿರುವ),
ಮಂಚದ ಗೋಡೆ ಕಡೆಯ ಮಗ್ಗುಲು,
ಒಳಕೋಣೆ.

ಮುಖಾಂತರ: ಅತ್ತೆಯವರು (ಬೇರೆ ಸೂಕ್ತ ಮಾರ್ಗ ಈ ಮನೆಯಲ್ಲಿ ಇಲ್ಲದಿರುವುದರಿಂದ)

ವಿಷಯ: ಅರ್ಜಿದಾರಳ ಕರೆಂಟು ಕಾರಿನ ನಾಲ್ಕು ಚಕ್ರಗಳ ಪೈಕಿ ಮೂರಕ್ಕೆ ಮಡ್ ಫ್ಲಾಪ್ (ಕೆಸರು ತಡೆಯುವ ರಬ್ಬರು) ಹಾಕಿ, ಕಾರಣ ತಿಳಿಸದೆ ಕೈಬಿಟ್ಟಿರುವ ನಾಲ್ಕನೆಯದನ್ನು ಹಾಕಿ ಮುಗಿಸುವಂತೆ ಕೋರಿ.

ಉಲ್ಲೇಖ:
1) ಮಳೆ ಹಿಡಿದ ಹೊಸದರಲ್ಲಿ, ಊಟದ ಹೊತ್ತಿನಲ್ಲಿ ಅರ್ಜಿದಾರಳು ಆಡಿದ ಒಂದೇ ಒಂದು ಮಾತು.
2) ಇಂದು ಬೆಳಗ್ಗೆ ಗೋಡೆಯ ಕಡೆ ಮುಖ ಮಾಡಿಕೊಂಡೇ ತಾವು ಹೊರಡಿಸಿದ ಮೌಖಿಕ ಆದೇಶ: "ಅರ್ಜಿ ಕೊಡು, ನೋಡೋಣ."

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಆದೇಶ ವ್ಯಂಗ್ಯವಾಗಿತ್ತೆಂದು ಅರ್ಜಿದಾರಳಿಗೆ ಗೊತ್ತು. ಆದರೂ ಆದೇಶ ಆದೇಶವೇ. ಕಾರಣ, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಮಲಗಿಕೊಂಡೇ ಓದಲು ಅಡ್ಡಿಯಿಲ್ಲ.

1. ತಾವು ಡೀಸೆಲ್ ಗಾಡಿಗಳ ಮೆಕ್ಯಾನಿಕ್. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಅದರ ಶಬ್ದ ಕೇಳಿ ಕಾಯಿಲೆ ಹೇಳುತ್ತಿದ್ದವರು. ಗ್ಯಾರೇಜಿನ ಜಾಗದ ಮಾಲೀಕರಿಗೆ ಅಲ್ಲಿ ಮಹಡಿ ಮೇಲೆ ಮಹಡಿ ಎಬ್ಬಿಸುವ ಆಸೆ ಹುಟ್ಟಿದ್ದರಿಂದಲೂ, ತಾವು ಬೇರೆ ಜಾಗ ಹುಡುಕುವಷ್ಟರಲ್ಲಿ ಹಳೆಯ ಗಿರಾಕಿಗಳೆಲ್ಲ ಕಂಪನಿಯ ಸರ್ವಿಸ್ ಸೆಂಟರಿನ ತಣ್ಣನೆಯ ಕೋಣೆಯಲ್ಲಿ ಕುಳಿತು ಪುಕ್ಕಟೆ ಕಾಫಿ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದರಿಂದಲೂ, ಹೋದ ವರ್ಷದಿಂದ ತಾವು ಮನೆಯಲ್ಲಿದ್ದೀರಿ. ಸಾಮಾನುಗಳನ್ನೆಲ್ಲ ಮನೆ ಮುಂದಿನ ಶೆಡ್ಡಿಗೆ ತಂದು ಸುರಿದು ಮೇಲೆ ಗೋಣಿ ಹೊದಿಸಿದಿರಿ. ಅಂದಿನಿಂದ ತಮ್ಮ ಕೆಲಸವೆಂದರೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಹಾದುಹೋಗುವ ಗಾಡಿಗಳ ಸದ್ದಿಗೆ ಕಿವಿಗೊಟ್ಟು, "ಇಂಜೆಕ್ಟರ್ ಹೋಗಿದೆ," "ಇವನ ಕೈಲಿ ಕ್ಲಚ್ ಉಳಿಯಲ್ಲ" ಎಂದು ಯಾರೂ ಕೇಳದ ತೀರ್ಪು ಕೊಡುವುದು. ಗಾಡಿಯವರು ತೀರ್ಪನ್ನು ಪಾಲಿಸದೆ ಹೊರಟುಹೋಗುತ್ತಿದ್ದರು.

2. ಇಂತಹ ಸಂದರ್ಭದಲ್ಲಿ ಅರ್ಜಿದಾರಳು ಶಬ್ದವೇ ಇಲ್ಲದ ಗಾಡಿಯೊಂದನ್ನು ಮನೆಗೆ ತಂದಳು. ತರುವ ಮೊದಲು ತಮ್ಮನ್ನು ಕೇಳಿದ್ದಳು. "ನಿನ್ನ ಇಷ್ಟ" ಎಂದಿರಿ. ಈ ಎರಡು ಪದಗಳಿಗೆ ಗಂಡಸರ ನಿಘಂಟಿನಲ್ಲಿ ಏನು ಅರ್ಥವಿದೆ ಎಂಬುದನ್ನು ಅರ್ಜಿದಾರಳು ಅರಿಯದವಳಲ್ಲ. ಆದರೆ ಬೆಳಗಿನ ಜಾವದಿಂದ ನೀರು ಬಿಟ್ಟು ಬೇರೇನೂ ಮುಟ್ಟದೆ, ತೋಳು ಚಾಚಿಕೊಂಡು ಕಾಯುತ್ತಿರುವ ವಯಸ್ಸಾದವರ ಮನೆಗಳಿಗೆ ಅವಳು ಹೊತ್ತಿಗೆ ಸರಿಯಾಗಿ ಹೋಗಬೇಕು. ಹಸಿದವರಿಗೆ ಸಿಟ್ಟು ಬೇಗ. ತೆಗೆದ ರಕ್ತ ಕೆಡುವ ಮೊದಲು ಲ್ಯಾಬಿಗೂ ಮುಟ್ಟಬೇಕು. ಕಾರಣ, ಕಾರು ಬಂತು.

ಬಂದ ದಿನ ತಾವು ಬಾನೆಟ್ ಎತ್ತಿದಿರಿ. ಒಳಗೆ ಇಣುಕಿದಿರಿ. ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಒಂದಷ್ಟು ಕಿತ್ತಳೆ ಬಣ್ಣದ ವೈರು. ಅತ್ತೆಯವರು ಪಕ್ಕದಲ್ಲಿ ನಿಂತು, "ಎಂಜಿನ್ ಎಲ್ಲೋ?" ಎಂದು ಕೇಳಿದರು. ತಾವು, "ಇದು ಕಾರಲ್ಲಮ್ಮ, ಚಕ್ರ ಹಾಕಿದ ಮೊಬೈಲು," ಎಂದು ಹೇಳಿ ಬಾನೆಟ್ಟನ್ನು ಮೆಲ್ಲಗೆ, ತೀರಾ ಮೆಲ್ಲಗೆ ಮುಚ್ಚಿದಿರಿ. ಆಮೇಲೆ ಆ ಗಾಡಿಯ ಪಕ್ಕದಲ್ಲಿ ಹಾದು ಹೋಗುವಾಗಲೂ, ಮಾತು ಬಿಟ್ಟ ನೆಂಟರ ಮುಂದೆ ಹಾದುಹೋಗುವವರ ಹಾಗೆ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದಿರಿ.

3. ಅರ್ಜಿದಾರಳ ಕೋಟು ಬಿಳಿಯದು. ಮಳೆ ಶುರುವಾದ ಮೇಲೆ ಚಕ್ರಗಳಿಂದ ಹಾರಿದ ಕೆಸರು ಬಾಗಿಲಿನ ಕೆಳಗಿನ ಅಂಚಿಗೆ ಮೆತ್ತಿಕೊಂಡು, ಅವಳು ಇಳಿಯುವಾಗ ಕೋಟಿಗೂ ಮೆತ್ತುತ್ತಿತ್ತು. ಆದ್ದರಿಂದ ಒಂದು ದಿನ ಊಟದ ಹೊತ್ತಿನಲ್ಲಿ, ಮನೆಯಲ್ಲಿ ಬರೀ ತಟ್ಟೆ ಲೋಟದ ಸದ್ದೇ ಆಯಿತಲ್ಲ ಎಂದು, "ಈ ಕಾರು ಕೆಸರು ಸ್ವಲ್ಪ ಜಾಸ್ತಿ ಹಾರಿಸುತ್ತೆ ಅಲ್ವಾ?" ಎಂದಳು. (ಉಲ್ಲೇಖ 1.) ಇದು ದೂರಲ್ಲ, ಬೇಡಿಕೆಯಲ್ಲ. ತಾವು ತಟ್ಟೆಯಿಂದ ತಲೆ ಎತ್ತಿದಿರಿ.

"ಮಡ್ ಫ್ಲಾಪ್ ಇಲ್ಲ, ಅದಕ್ಕೆ."

"ಹಾಕಿಸಿದ್ರಾಯ್ತು ಬಿಡಿ."

"ಹಾಕಿಸೋದೇನು? ನಾನಿಲ್ವಾ?"

ಅಂದು ತಾವು ಎರಡನೆಯ ಸಲ ಬಡಿಸಿಕೊಂಡು ಊಟ ಮಾಡಿದಿರಿ. ಇದು ಅತ್ತೆಯವರ ಗಮನಕ್ಕೂ ಬಂದಿದೆ.

4. ತದನಂತರ ಸಮಿತಿ ರಚನೆಯಾಯಿತು. ಅಧ್ಯಕ್ಷರು ತಾವು. ತಾಂತ್ರಿಕ ಸಲಹೆಗಾರರಾಗಿ ತಮ್ಮ ಸೋದರಮಾವ, ಅಂದರೆ ಅತ್ತೆಯವರ ತಮ್ಮ, ಯಾರೂ ಕರೆಯದೆ ನೇಮಕಗೊಂಡರು. ಇವರು ವಿಮಾ ಕಚೇರಿಯಿಂದ ನಿವೃತ್ತರಾದವರು, ಮಿಕ್ಸಿಯಿಂದ ಹಿಡಿದು ಮಂಡಿಯ ತನಕ ಯಾವುದು ಕೆಟ್ಟರೂ "ವಾರಂಟಿ ಇತ್ತಾ?" ಎಂದು ಕೇಳುವುದರಿಂದ ಬಂಧುವರ್ಗದಲ್ಲಿ ವಾರಂಟಿ ಮಾವ ಎಂದೇ ಪ್ರಸಿದ್ಧರು. ಅವರ ತಾಂತ್ರಿಕ ಅರ್ಹತೆಯೆಂದರೆ ಎರಡು ಬೀದಿ ಆಚೆ ಮನೆ ಇರುವುದು ಮತ್ತು ದಿನವಿಡೀ ಬಿಡುವಾಗಿರುವುದು.

ಮೊದಲು ತರಿಸಿದ ಫ್ಲಾಪುಗಳ ಡಬ್ಬದ ಮೇಲೆ "ಎಲ್ಲ ಕಾರುಗಳಿಗೂ ಹೊಂದುತ್ತದೆ" ಎಂದು ಬರೆದಿತ್ತು. ಎಲ್ಲರಿಗೂ ಬೇಕಾದವರು ಯಾರಿಗೂ ಆಗುವುದಿಲ್ಲವಾದ್ದರಿಂದ ಅವು ಯಾವ ಚಕ್ರಕ್ಕೂ ಹೊಂದಲಿಲ್ಲ. ಅಪ್ಪನ ಅಂಗಿಯನ್ನು ಕೂಸಿಗೆ ತೊಡಿಸಿದಂತೆ ನೆಲಕ್ಕೆ ತಾಗಿ ಜೋತಾಡಿದವು. ಅವನ್ನು ವಾಪಸು ಕಳಿಸಿ ಎರಡನೆಯ ಸೆಟ್ಟು ತರಿಸಿದಿರಿ. ಇದು ಇದೇ ಕಾರಿಗೆಂದು ಮಾಡಿದ್ದು. ಆದರೆ ಫ್ಲಾಪಿನ ತೂತಿಗೂ ಕಾರಿನಲ್ಲಿ ಮೊದಲೇ ಇರುವ ಸ್ಕ್ರೂವಿಗೂ ಒಂದು ಬೆರಳಿನಷ್ಟು ಅಂತರ ಬಂತು. ಒಂದೋ ಕಾರಿಗೆ ಡ್ರಿಲ್ ಹೊಡೆಯಬೇಕು, ಇಲ್ಲವೇ ಬಿಡಬೇಕು. ವಾರಂಟಿ ಮಾವ ತಮ್ಮ ಜೀವಮಾನವೆಲ್ಲ ಕಾದಿದ್ದ ಗಳಿಗೆ ಅದು.

"ತೂತು ಹೊಡೆದ್ಯೋ, ವಾರಂಟಿ ಹೋಯ್ತು!"

5. ಖಚಿತಪಡಿಸಿಕೊಳ್ಳಲು ತಾವು ಸರ್ವಿಸ್ ಸೆಂಟರಿಗೆ ಫೋನು ಮಾಡಿದಿರಿ. ಸ್ಪೀಕರ್ ಹಾಕಿದ್ದರಿಂದ ನಡೆದ ಸಂಭಾಷಣೆಗೆ ಮನೆಮಂದಿಯೆಲ್ಲ ಸಾಕ್ಷಿ.

"ಸಾರ್, ಹೊರಗಡೆ ತೂತು ಹೊಡೆದು ಏನಾದ್ರೂ ಫಿಟ್ ಮಾಡಿದ್ರೆ ಬ್ಯಾಟರಿ ವಾರಂಟಿ ಕ್ಯಾನ್ಸಲ್ ಆಗುತ್ತೆ," ಎಂದರು ಅಲ್ಲಿನ ಮ್ಯಾನೇಜರು.

"ಕೆಸರು ತಡೆಯೋ ರಬ್ಬರಿಗೂ ಬ್ಯಾಟರಿಗೂ ಏನ್ರೀ ಸಂಬಂಧ?"

"ಪಾಲಿಸಿ ಸಾರ್."

"ಅದೆಲ್ಲಿರುತ್ತೆ ಈ ಪಾಲಿಸಿ? ಚಕ್ರದ ಹತ್ರಾನಾ?"

"ಸಾರ್, ನೀವ್ಯಾಕೆ ತೊಂದ್ರೆ ತಗೋತೀರಿ? ಗಾಡಿ ಇಲ್ಲಿಗೆ ತನ್ನಿ. ನಮ್ಮ ಟ್ರೇನಿಂಗ್ ಆದವರು ಹಾಕಿಕೊಡ್ತಾರೆ. ಮುಂದಿನ ತಿಂಗಳು ಒಂದು ಸ್ಲಾಟ್ ಖಾಲಿ ಇದೆ."

"ಟ್ರೇನಿಂಗ್ ಆದವರು" ಎಂಬಲ್ಲಿ ತಾವು ಫೋನು ಇಟ್ಟಿರಿ. ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು ಕುಳಿತಿದ್ದಿರಿ. ಆಮೇಲೆ ಎದ್ದು ಶೆಡ್ಡಿಗೆ ಹೋಗಿ, ಗೋಣಿಯನ್ನು ಒಂದೇ ಏಟಿಗೆ ಎಳೆದು ಆಚೆ ಎಸೆದಿರಿ. ಎದ್ದ ಧೂಳು ಅತ್ತೆಯವರು ಆಗಷ್ಟೇ ಒಗೆದು ಹರವಿದ್ದ ಹೊದಿಕೆಗಳ ಮೇಲೆಲ್ಲ ಕುಳಿತಿತು. "ಒಂದೇ ಒಂದು ತೂತಿಲ್ಲದೆ ಹಾಕ್ತೀನಿ ನೋಡ್ತಿರಿ," ಎಂದಿರಿ.

6. ಆದ್ದರಿಂದ ಕಾರಿನ ನಾಲ್ಕು ಚಕ್ರಗಳೂ ಕಳಚಿದವು. ಕಾರು ಕಬ್ಬಿಣದ ಸ್ಟಾಂಡುಗಳ ಮೇಲೆ ಏರಿ, ಕಾಲು ಮಡಚಿ ಕುಳಿತ ದನದ ಹಾಗೆ ಮನೆ ಮುಂದೆ ಸ್ಥಾಪನೆಯಾಯಿತು. ಅರ್ಜಿದಾರಳು ರಕ್ತದ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಸ್ಸು ಹತ್ತಿದಳು. ಮೊದಲ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟಿನಲ್ಲಿ ಕುಳಿತಿದ್ದ ಮಹನೀಯರೊಬ್ಬರು ಪೆಟ್ಟಿಗೆಯನ್ನು ನೋಡಿ, "ಐಸ್‌ಕ್ರೀಮಾ?" ಎಂದು ಬಾಯಲ್ಲಿ ನೀರೂರಿಸಿಕೊಂಡು ಕೇಳಿದರು. "ಅಲ್ಲ, ರಕ್ತ," ಎಂದಳು ಅರ್ಜಿದಾರಳು. ಮಹನೀಯರು ಎದ್ದುನಿಂತರು. ಅವರ ಪಕ್ಕದವರೂ ಎದ್ದುನಿಂತರು. ಅಂದಿನಿಂದ ಆ ಬಸ್ಸಿನಲ್ಲಿ ಅರ್ಜಿದಾರಳಿಗೆ ಕುಳಿತುಕೊಳ್ಳಲು ಯಾವತ್ತೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಹೊತ್ತಿಗೆ. ಲ್ಯಾಬಿನ ಮೇಡಂ ಎರಡು ಸಲ ಕರೆದು, "ಏನಮ್ಮಾ, ನಿನ್ನ ಮನೆಗಳನ್ನು ಬೇರೆಯವರಿಗೆ ಹಂಚಿಬಿಡ್ಲಾ?" ಎಂದು ಕೇಳಿದ್ದಾರೆ. ರಕ್ತನಾಳ ಸುಲಭಕ್ಕೆ ಸಿಗದ ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಬೇರೆ ಯಾರು ಸೂಜಿ ಹಿಡಿದು ಹೋದರೂ ಕೈ ಕೊಡುವುದಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ಕಾದು ಕಾದು, "ನಿನ್ನ ಕಾರಿಗೇನಾಯ್ತೇ?" ಎಂದು ಕೇಳಿದರೆ, "ಅದಕ್ಕೆ ಅಲಂಕಾರ ನಡೀತಿದೆ" ಎಂದು ಹೇಳಬೇಕಾಯಿತು. ಇಷ್ಟಾದರೂ ಅರ್ಜಿದಾರಳು ಮನೆಯಲ್ಲಿ ಒಂದು ದಿನವೂ ಚಕಾರ ಎತ್ತಲಿಲ್ಲ. ಸಮಿತಿಯು ಇದನ್ನು ಅವಳ ಒಳ್ಳೆಯತನವೆಂದು ಭಾವಿಸಿದ್ದಲ್ಲಿ, ಸಮಿತಿಗೆ ಅವಳ ಪರಿಚಯ ಸಾಲದು.

7. ಈ ಅಂಶವನ್ನು ಬರೆದು ಹೊಡೆದುಹಾಕಲಾಗಿದೆ. ಅದರಲ್ಲಿ ಅತ್ತೆಯವರ ವಿಷಯವಿತ್ತು. ಅರ್ಜಿ ಅವರ ಕೈಯಿಂದಲೇ ಹೋಗಬೇಕಾಗಿದೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದು ನೋಡಬಾರದೆಂದು ವಿನಂತಿ.

8. ಒಂದು ತೂತೂ ಹೊಡೆಯದೆ ಫ್ಲಾಪ್ ನಿಲ್ಲಿಸಲು ತಾವು ಕಂಡುಕೊಂಡ ಉಪಾಯವೆಂದರೆ, ಕಾರಿನಲ್ಲಿರುವ ಸ್ಕ್ರೂವಿಗೂ ಫ್ಲಾಪಿಗೂ ನಡುವೆ ಬಾಗಿಸಿದ ಒಂದು ಪಟ್ಟಿ ಕೊಡುವುದು. ಪಟ್ಟಿಗೆ ಬೇಕಾದ ಅಲ್ಯೂಮಿನಿಯಂ ತಗಡು ಎಲ್ಲಿಂದ ಬಂತೆಂದು ಸಮಿತಿ ಬಹಿರಂಗಪಡಿಸಿಲ್ಲ. ಅಡುಗೆಮನೆಯ ದೊಡ್ಡ ಪಾತ್ರೆಯ ಮುಚ್ಚಳ ಅದೇ ವಾರ ಕಾಣೆಯಾದದ್ದು ಕಾಕತಾಳೀಯವಿರಬಹುದು.

ಮುಂದಿನ ಎಡಗಡೆಯ ಫ್ಲಾಪು ಮೊದಲ ಸಲ ಹಾಕಿ ಚಕ್ರ ಜೋಡಿಸಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರಿಗೆ ತಾಗಿ "ಗರ್ರ್" ಎನ್ನುತ್ತಿತ್ತು. ಬೇರೆ ಗಾಡಿಯಾಗಿದ್ದರೆ ಎಂಜಿನ್ನಿನ ಗಲಾಟೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಇದರಲ್ಲಿ ಸೊಳ್ಳೆ ಕೂತರೂ ಕೇಳುತ್ತದೆ. "ಕೇಳ್ತಾ? ಕೇಳ್ತಾ?" ಎಂದು ತಾವು ಅರ್ಜಿದಾರಳನ್ನು ಪಕ್ಕದಲ್ಲಿ ಕೂರಿಸಿ ಸ್ಟೀರಿಂಗ್ ತಿರುಗಿಸಿದಿರಿ. ಆ ಕಾರು ಬಂದ ಮೇಲೆ ಅದರಿಂದ ಹೊರಟ ಮೊದಲ ಕಾಯಿಲೆಯ ಸದ್ದು ಅದು. ತಮ್ಮ ಮುಖ ನೋಡಿದರೆ ಲಾಟರಿ ಹೊಡೆದವರ ಹಾಗಿತ್ತು. ಚಾಕು ಕಾಯಿಸಿ ರಬ್ಬರಿನ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದಿರಿ, ತಿರುಗಿಸಿದಿರಿ, ಮತ್ತೆ ಕತ್ತರಿಸಿದಿರಿ.

ಆ ದಿನಗಳಲ್ಲಿ ತಾವು ಬೆಳಗ್ಗೆ ಯಾರೂ ಎಬ್ಬಿಸದೆ ಎದ್ದಿರಿ, ತಪ್ಪದೆ ಗಡ್ಡ ಹೆರೆದುಕೊಂಡಿರಿ, ಸೋಪು ಖಾಲಿಯಾಯಿತೆಂದು ಜಗಳ ತೆಗೆದಿರಿ. ಶೆಡ್ಡಿನಿಂದ ಸಿಳ್ಳೆ ಕೇಳಿಬರುತ್ತಿತ್ತು. ರಾಗ ಯಾವುದೆಂದು ಪತ್ತೆಹಚ್ಚಲು ಯಾರಿಗೂ ಸಾಧ್ಯವಾಗಿಲ್ಲ, ಗ್ಯಾರೇಜಿದ್ದ ಕಾಲದಲ್ಲೂ ಆಗಿರಲಿಲ್ಲ.

9. ಮೂರು ಚಕ್ರಗಳು ಮುಗಿದು ನಾಲ್ಕನೆಯದಕ್ಕೆ ಕೈಹಾಕಿದ್ದ ಭಾನುವಾರದ ಘಟನೆ. ತಾವು ಕಾರಿನ ಕೆಳಗೆ ಮಲಗಿದ್ದಿರಿ, ಪಾದಗಳು ಮಾತ್ರ ಆಚೆ ಕಾಣುತ್ತಿದ್ದವು. ಅರ್ಜಿದಾರಳು ತಟ್ಟೆಯಲ್ಲಿ ಟೀ ತಂದಳು. ಅತ್ತೆಯವರು ಮೆಟ್ಟಿಲ ಮೇಲೆ ಕುಳಿತು, "ಇನ್ನೂ ಮುಗೀಲಿಲ್ವೇನೋ?" ಎಂದು ಸುಮ್ಮನೆ ಕೇಳಿದರು. ಅದಕ್ಕೆ ವಾರಂಟಿ ಮಾವ ಮೆಲುದನಿಯಲ್ಲಿ ಉತ್ತರ ಕೊಟ್ಟರು. ಅವರ ಮೆಲುದನಿ ಪಕ್ಕದ ಬೀದಿಗೆ ಮಾತ್ರ ಕೇಳಿಸುವುದಿಲ್ಲ.

"ಬಿಡಕ್ಕ, ಪಾಪ, ಮಾಡ್ಕೊಂಡಿರ್ಲಿ. ಹೊತ್ತು ಹೋಗ್ಬೇಕಲ್ಲ ಅವನಿಗೂ. ನಾಲ್ಕು ರಬ್ಬರ್ ತುಂಡಿಗೆ ಇಷ್ಟು ದಿನ ಹಿಡಿದ್ರೆ ಏನೀಗ? ಮೂಲೇಲಿ ಕೂತ್ಕೊಳ್ಳೋದಕ್ಕಿಂತ ವಾಸಿ."

ಕಾರಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಸಿಳ್ಳೆಗೆ ತಕ್ಕಂತೆ ಅಲ್ಲಾಡುತ್ತಿದ್ದ ತಮ್ಮ ಹೆಬ್ಬೆರಳೂ ನಿಂತಿತು. ತಾವು ಹೊರಗೆ ಬಂದಿರಿ. ಯಾರ ಮುಖವನ್ನೂ ನೋಡದೆ ಬಟ್ಟೆಯ ಚೂರು ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿಕೊಂಡಿರಿ. ಚಕ್ರ ಹಾಕಿ, ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿದು, ಜಾಕು ಇಳಿಸಿ, ಸಾಮಾನುಗಳ ಮೇಲೆ ಗೋಣಿ ಹೊದಿಸಿದಿರಿ. "ಗಾಡಿ ಓಡುತ್ತೆ, ತಗೊಂಡ್ಹೋಗು," ಎಂದು ಕೀಲಿಯನ್ನು ಅರ್ಜಿದಾರಳ ಟೀ ತಟ್ಟೆಯಲ್ಲಿಟ್ಟು ಒಳಗೆ ಹೋದಿರಿ. ಅಂದಿನಿಂದ ಸಮಿತಿಯ ಕಚೇರಿ ಮೇಲೆ ನಮೂದಿಸಿದ ಮಂಚದ ವಿಳಾಸಕ್ಕೆ ವರ್ಗಾವಣೆಗೊಂಡಿದೆ.

ವಾರಂಟಿ ಮಾವ ಆ ಟೀಯನ್ನು ಕುಡಿದರು. ಸಕ್ಕರೆ ಕಡಿಮೆ ಎಂದೂ ಹೇಳಿದರು.

10. ಬಳಿಕ ಅರ್ಜಿದಾರಳು ಕಾರನ್ನು ಮಾಮೂಲಿ ತಪಾಸಣೆಗೆಂದು ಅದೇ ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋಗಬೇಕಾಯಿತು. ಮ್ಯಾನೇಜರು ದೂರದಿಂದಲೇ ಫ್ಲಾಪು ನೋಡಿ, ಕಳ್ಳನನ್ನು ಹಿಡಿದ ಹುರುಪಿನಲ್ಲಿ ಬಂದರು. ಜೊತೆಗೆ ನಡುವಯಸ್ಸಿನ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಮಂಡಿಯೂರಿ ಟಾರ್ಚು ಬಿಟ್ಟು ಪಟ್ಟಿಯನ್ನು ನೋಡಿದರು, ಬೆರಳಿನಿಂದ ಅಲ್ಲಾಡಿಸಿದರು, ಆಮೇಲೆ ಪೂರ್ತಿ ನೆಲಕ್ಕೆ ಮಲಗಿ ನೋಡಿದರು.

"ತೂತೇ ಹೊಡೆದಿಲ್ಲ ಸಾರ್," ಎಂದರು. ಮ್ಯಾನೇಜರ ಹುರುಪು ಇಳಿಯಿತು. ಆದರೂ ಸೋಲಬಾರದೆಂದು "ಹೊರಗಿನ ವಸ್ತು ಕಂಡುಬಂದಿದೆ" ಎಂದು ಬರೆದುಕೊಂಡು ಹೋದರು. ಮೆಕ್ಯಾನಿಕ್ ಮಾತ್ರ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತ ಕೇಳಿದರು: "ಯಾರು ಮೇಡಂ ಹಾಕಿದ್ದು?"

"ನಮ್ಮ ಮನೆಯವರು."

"ಡೀಸೆಲ್ ಗಾಡಿಯವರಾ?"

"ಹೇಗೆ ಗೊತ್ತಾಯ್ತು?"

"ನಾನೂ ಅದೇ ಕಡೆಯವನು," ಎಂದರು. ಬಲಗಡೆಯ ಹಿಂದಿನ ಚಕ್ರದತ್ತ ಟಾರ್ಚು ತಿರುಗಿಸಿ, "ನಾಲ್ಕನೇದು ಎಲ್ಲಿ ಮೇಡಂ?"

"ಅದು ಸಿಟ್ಟು ಮಾಡ್ಕೊಂಡಿದೆ."

ಅವರು ನಗಲಿಲ್ಲ. "ಸಮಾಧಾನ ಮಾಡಿ ಕರ್ಕೊಂಡ್ಬನ್ನಿ," ಎಂದರು. ಈ ವರದಿಯನ್ನು ಅಂದೇ ತಮಗೆ ಒಪ್ಪಿಸಲಾಗಿತ್ತು. ತಾವು "ಹೂಂ" ಎಂದು ಸ್ವೀಕೃತಿ ನೀಡಿದ್ದಿರಿ.

11. ಮೊನ್ನೆಯ ಪ್ರಕರಣ. ಮಳೆ ಬಂದು ನಿಂತಿತ್ತು. ವಾರಂಟಿ ಮಾವ ನಿವೃತ್ತ ನೌಕರರ ಸಭೆಯಲ್ಲಿ ಭಾಷಣ ಮಾಡಲು ಹೊರಟವರು, ದಾರಿಯಲ್ಲಿ ಸಲಹೆ ಕೊಟ್ಟು ಹೋಗೋಣವೆಂದು ನಮ್ಮ ಗೇಟಿನ ಬಳಿ ಬಂದರು. ಮೇಲಿಂದ ಕೆಳಗಿನವರೆಗೆ ಗರಿಗರಿಯಾಗಿ ಇಸ್ತ್ರಿ ಮಾಡಿದ ಬಿಳಿ ಉಡುಪು. ಅರ್ಜಿದಾರಳು ಕಾರು ಹೊರಗೆ ತೆಗೆದು ರಸ್ತೆಗೆ ತಿರುಗಿಸಿದ್ದಳು. "ನಿಲ್ಸು, ನಿಲ್ಸು, ಟೈರಿಗೆ ಗಾಳಿ ಕಮ್ಮಿ ಇದೆ!" ಎಂದು ಕೈ ಎತ್ತಿಕೊಂಡು ಮಾವ ಹಿಂದಿನಿಂದ, ಬಲಗಡೆಗೆ, ಓಡಿಬಂದರು.

ಗೇಟಿನ ಎದುರಿಗೆ ಒಂದು ಗುಂಡಿ ಇದೆ. ಅರ್ಜಿದಾರಳು ಅದನ್ನು ನೋಡಲಿಲ್ಲ. ಗುಂಡಿ ಹೋದ ವರ್ಷದಿಂದ ಅಲ್ಲೇ ಇರುವುದು ನಿಜ. ದಿನಾ ಅದನ್ನು ಬಳಸಿಕೊಂಡೇ ಹೋಗುತ್ತಿದ್ದಳೆಂಬುದೂ ನಿಜ. ಆದರೂ ನೋ‌ಡಲಿಲ್ಲವೆಂದು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಲು ಅವಳು ಸಿದ್ಧಳಿದ್ದಾಳೆ. ಮುಂದಿನ ಎರಡು ಚಕ್ರಗಳೂ, ಹಿಂದಿನ ಎಡ ಚಕ್ರವೂ ಒಂದು ಹನಿ ಕೆಸರನ್ನೂ ಆಚೆ ಬಿಡಲಿಲ್ಲ. ಇದು ತಮ್ಮ ಕೆಲಸದ ಗುಣಮಟ್ಟಕ್ಕೆ ಸಾಕ್ಷಿ. ಬಲಗಡೆಯ ಹಿಂದಿನ ಚಕ್ರ ಮಾತ್ರ ಗುಂಡಿಯಲ್ಲಿದ್ದುದನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಮಾವನವರಿಗೆ ಅರ್ಪಿಸಿತು. ಕನ್ನಡಿಯಲ್ಲಿ ನೋಡಿದಾಗ ಅವರು ಎತ್ತಿದ ಕೈಯನ್ನು ಇಳಿಸದೆ, ಬಾಯಿ ತೆರೆದುಕೊಂಡು ನಿಂತಿದ್ದರು.

ಆ ಹೊತ್ತಿನಲ್ಲಿ ಒಳಕೋಣೆಯ ಪರದೆ ಸರಿದದ್ದನ್ನು ಅರ್ಜಿದಾರಳು ಕಂಡಿದ್ದಾಳೆ. "ನಕ್ಕ ಕಣೇ," ಎಂದು ಸಂಜೆ ಅತ್ತೆಯವರು ಅಡುಗೆಮನೆಗೆ ಬಂದು ಕಿವಿಯಲ್ಲಿ ಹೇಳಿದರು. "ಬಾಯಿಗೆ ಟವಲ್ ತುರುಕ್ಕೊಂಡು ನಕ್ಕ. ನನ್ನ ತಮ್ಮನ ಬಟ್ಟೆ ಹಾಳಾಯ್ತು ಅಂತ ನಾನು ಅಳಲಾ, ಇವನು ನಕ್ಕ ಅಂತ ನಗಲಾ ಗೊತ್ತಾಗ್ಲಿಲ್ಲ ನಂಗೆ." ಅತ್ತೆಯವರು ಕೊನೆಗೆ ಏನು ಮಾಡಿದರೆಂಬುದನ್ನು ಅವರ ಗೌರವದ ದೃಷ್ಟಿಯಿಂದ ಇಲ್ಲಿ ದಾಖಲಿಸಿಲ್ಲ.

ನಕ್ಕವರು ಏಳುವಿರೆಂದು ಅರ್ಜಿದಾರಳು ನಿನ್ನೆಯೆಲ್ಲ ಕಾದಳು. ಏಳಲಿಲ್ಲ. ಆದ್ದರಿಂದ ಇಂದು ಬೆಳಗ್ಗೆ, "ರೀ, ಆ ನಾಲ್ಕನೇದು ಹಾಕಿಬಿಡ್ತೀರಾ?" ಎಂದು ಕೇಳಿದಳು. ಅದಕ್ಕೆ ಬಂದ ಉತ್ತರವೇ ಉಲ್ಲೇಖ 2.

12. ಆ ಭಾನುವಾರ ವಾರಂಟಿ ಮಾವನ ಮಾತಿಗೆ ಅರ್ಜಿದಾರಳು ಉತ್ತರ ಕೊಡಬೇಕಿತ್ತು. ಕೈಯಲ್ಲಿ ಟೀ ತಟ್ಟೆ ಇತ್ತು, ಕೊಡಲಾಗಲಿಲ್ಲ. ಕಾರಣ, ಆ ಉತ್ತರವನ್ನು ಈಗ ಕಡತಕ್ಕೆ ಸೇರಿಸಿಕೊಳ್ಳಬೇಕು.

ಹೊತ್ತು ಹೋಗದವರು ಟಿವಿ ನೋಡುತ್ತಾರೆ, ಇಲ್ಲವೇ ಕಂಡವರ ಗೇಟಿನ ಬಳಿ ಹೋಗಿ ನಿಲ್ಲುತ್ತಾರೆ. ಅವರು ಕೂದಲೆಳೆಯಷ್ಟು ರಬ್ಬರಿಗಾಗಿ ಚಾಕು ಕಾಯಿಸುವುದಿಲ್ಲ. ಅರ್ಜಿದಾರಳಿಗೆ ಕೋಟು ಒಗೆಯಲು ಬರುತ್ತದೆ, ಕೆಸರಿನ ಕಲೆ ಎರಡು ಸಲ ಉಜ್ಜಿದರೆ ಹೋಗುತ್ತದೆ. ಅಷ್ಟಕ್ಕಾಗಿ ಅವಳು ಬಸ್ಸಿನಲ್ಲಿ ರಕ್ತದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಡಂ ಕೈಲಿ ಮಾತು ಕೇಳಿಸಿಕೊಂಡು ಓಡಾಡಲಿಲ್ಲ. ಸಂಜೆ ಬೀದಿಯ ತಿರುವಿಗೆ ಬರುತ್ತಿದ್ದಂತೆಯೇ ಶೆಡ್ಡಿನಲ್ಲಿ ದೀಪ ಉರಿಯುವುದು ಕಾಣುತ್ತಿತ್ತು. ಅಲ್ಲಿಂದ ಮನೆಯವರೆಗೆ ಪೆಟ್ಟಿಗೆ ಭಾರ ಎನಿಸುತ್ತಿರಲಿಲ್ಲ. ಇದಕ್ಕಿಂತ ಹೆಚ್ಚಿನ ವಿವರಣೆ ಕಚೇರಿ ಪತ್ರದಲ್ಲಿ ಸಲ್ಲದು.

ಆದ್ದರಿಂದ, ಮೇಲ್ಕಂಡ ಎಲ್ಲ ಅಂಶಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ (ಸಹಾನುಭೂತಿ ತಮಗೆ ಇಷ್ಟವಿಲ್ಲದಿದ್ದಲ್ಲಿ ಸಿಟ್ಟಿನಿಂದಲೇ ಪರಿಶೀಲಿಸಿ), ತಾವು ದಯಮಾಡಿ

ಅ) ಬಲಗಡೆಯ ಹಿಂದಿನ ಚಕ್ರಕ್ಕೆ ಮಡ್ ಫ್ಲಾಪ್ ಹಾಕಿಕೊಡಬೇಕಾಗಿಯೂ;

ಆ) ತಾಂತ್ರಿಕ ಸಲಹೆಗಾರರ ಹುದ್ದೆಯನ್ನು ರದ್ದುಪಡಿಸಬೇಕಾಗಿಯೂ, ಆ ಸುದ್ದಿಯನ್ನು ಅವರಿಗೆ ತಿಳಿಸುವ ಹೊಣೆಯನ್ನು ಅರ್ಜಿದಾರಳಿಗೇ ವಹಿಸಬೇಕಾಗಿಯೂ;

ಇ) ಗೋಣಿಯನ್ನು ಕಾಲೊರೆಸಲು ಅಡುಗೆಮನೆ ಬಾಗಿಲಿಗೆ ಕೊಡಬೇಕಾಗಿಯೂ, ಅಲ್ಲಿ ಅದರ ಅಗತ್ಯ ಹೆಚ್ಚಿರುವುದರಿಂದ,

ತಮ್ಮಲ್ಲಿ ವಿನಂತಿಸಿಕೊಳ್ಳಲಾಗಿದೆ.

ಇಂತಿ, ಬೇರೆ ಗಂಡನಾಗಲಿ ಬೇರೆ ಮೆಕ್ಯಾನಿಕ್ ಆಗಲಿ ಇಲ್ಲದ,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಸ್ಥಳ: ಕಾರಿನ ಪಕ್ಕ, ನೆಲದ ಮೇಲೆ
ದಿನಾಂಕ: ಇವತ್ತೇ

ಅಡಕಗಳು:
1) ನಾಲ್ಕನೆಯ ಮಡ್ ಫ್ಲಾಪು, ಒಂದು. (ತಾವು ಬೀರುವಿನ ಹಿಂದೆ ಬಚ್ಚಿಟ್ಟಿದ್ದು ಗುಡಿಸುವಾಗ ಸಿಕ್ಕಿತು.)
2) ಬಾಗಿಸಿದ ಅಲ್ಯೂಮಿನಿಯಂ ಪಟ್ಟಿ, ಒಂದು.
3) ಸ್ಕ್ರೂ, ಎರಡು. ಮೂರನೆಯದರ ಮೇಲೆ ಅತ್ತೆಯವರು ಗಡಿಯಾರ ನೇತುಹಾಕಿದ್ದಾರೆ.

ವಿಶೇಷ ಸೂಚನೆ: ಅರ್ಜಿಯ ವಿಲೇವಾರಿಗೆ ಅನುಕೂಲವಾಗಲೆಂದು ಅರ್ಜಿದಾರಳು ಸದರಿ ಚಕ್ರವನ್ನು ತಾನೇ ಬಿಚ್ಚಿದ್ದಾಳೆ. ಬಿಚ್ಚುವುದು ಬಂತು, ಹಾಕುವುದು ಬರುತ್ತಿಲ್ಲ. ಒಂದು ನಟ್ಟು ಉರುಳಿಕೊಂಡು ಚರಂಡಿಯ ಕಡೆ ಹೋಗಿದೆ. ನಾಳೆ ಬೆಳಗ್ಗೆ ಟೀಚರಮ್ಮನವರು ಹಸಿದುಕೊಂಡು ಕಾಯುತ್ತಿರುತ್ತಾರೆ. ಈ ಕಾರಿನ ಹೊಟ್ಟೆಯ ತುಂಬ ಬ್ಯಾಟರಿ ಇರುವುದರಿಂದ ಜಾಕನ್ನು ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೊಡಬಾರದಂತೆ. ಗುರುತು ಅರ್ಜಿದಾರಳಿಗೆ ಕಾಣಿಸಲಿಲ್ಲ. ಸುಮಾರಾಗಿ ನಡುವೆ ಕೊಟ್ಟಿದ್ದಾಳೆ. ಏನೋ ಲಟಕ್ ಎಂದಿತು. ತಮ್ಮ ವಿಶ್ರಾಂತಿಗೆ ಭಂಗ ಬಾರದಂತೆ, ಬಿಡುವಾದಾಗ ಬಂದು ನೋಡಬೇಕಾಗಿ ಕೋರಿಕೆ.

ಮಾರ್ಗಮಧ್ಯದ ಷರಾ (ಅತ್ತೆಯವರ ಕೈಬರಹದಲ್ಲಿ):
ಅರ್ಜಿ ತಲುಪಿಸಿದೆ. ಓದ್ತಾ ಓದ್ತಾ ಒಂದ್ಸಲ ಮೂಗು ಒರೆಸ್ಕೊಂಡ, ಯಾವ ಅಂಶಕ್ಕೆ ಅಂತ ನೋಡಕ್ಕಾಗ್ಲಿಲ್ಲ. ಓದ್ತಾ ಜಾಕ್ ವಿಷಯಕ್ಕೆ ಬಂದವನೇ "ಅಯ್ಯೋ ಇವಳ!" ಅಂತ ಚಪ್ಪಲಿನೂ ಹಾಕ್ದೆ ಓಡಿದ. ಈಗ ಹೊರಗಡೆ ಬೈತಿದ್ದಾನೆ, ಬೀದಿಗೆಲ್ಲ ಕೇಳ್ತಿದೆ. ಅವನು ಅಷ್ಟು ಚೆನ್ನಾಗಿ ಬೈದು ಒಂದು ವರ್ಷ ಆಗಿತ್ತು. ಅರ್ಜಿ ಮಂಜೂರಾಗಿದೆ ಅಂತ ತಿಳ್ಕೊಂಡು ಕಡತ ಮುಚ್ಚಿದೆ. ಇಬ್ಬರೂ ಕೈಕಾಲು ತೊಳೆದೇ ಒಳಗೆ ಬರತಕ್ಕದ್ದು.